ಹತ್ತಿದ ಏಣಿ

ಕಡೇಬಾವಿ, ಲಿಂಗಸುಗೂರು ತಾಲ್ಲೂಕು
೨೪ ಮಾರ್ಚ್ ೨೦೨೫

ಶ್ರೀಮತಿ ಅಂಜನಮ್ಮ ಮೇಡಂ ಅವರಿಗೆ,

ಶರಣಮ್ಮ ಮಾಡುವ ನಮಸ್ಕಾರಗಳು. ನನ್ನ ಮುಖ ನೀವು ನೋಡಿಲ್ಲ. ಇದೇ ತಿಂಗಳು ಏಳನೇ ತಾರೀಖು ಶುಕ್ರವಾರ ಸಂಜೆ, ಇಟ್ಟಮಡುವಿನ ನಿಮ್ಮ ಮನೆಯ ಮುಂದೆ ಏಣಿಯಿಂದ ಬಿದ್ದು ತೀರಿಕೊಂಡ ಗೌರೀಶಂಕರನ ಅಕ್ಕ ನಾನು. ನಮ್ಮ ತಾಯಿ ಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ನಾನೇ ಎತ್ತಿ ಬೆಳೆಸಿದೆ. ಈಗ ಊರಿನ ಅಂಗನವಾಡಿಯಲ್ಲಿ ಟೀಚರಾಗಿದ್ದೇನೆ.

ಶೀಟ್ ಕೆಲಸದ ಗುತ್ತಿಗೆದಾರ ರಾಮಯ್ಯನವರಿಂದ ನಿಮ್ಮ ನಂಬರ್ ಸಿಕ್ಕಿತು. ಎರಡು ಸಲ ಫೋನ್ ಮಾಡಿದೆ. ನೀವು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಕಾಗದವಾದರೆ ಅಳು ಬಂದಾಗ ಪೆನ್ನು ಕೆಳಗಿಟ್ಟು, ಮುಖ ತೊಳೆದು ಬಂದು ಮುಂದುವರಿಸಬಹುದು.

ಪೊಲೀಸರ ಕಾಗದದಲ್ಲಿ ಅವನದೇ ಅಜಾಗರೂಕತೆ ಎಂದು ಬರೆದಿದ್ದಾರೆ. ರಾಮಯ್ಯನವರೂ ಅದನ್ನೇ ಹೇಳಿದರು. ಅವಸರ ಮಾಡಿದ, ದುಡುಕಿದ, ಕುಡಿದಿದ್ದನೋ ಏನೋ ಅಂದರು. ನನ್ನ ತಮ್ಮ ಕುಡಿಯುತ್ತಿರಲಿಲ್ಲ. ಎತ್ತರದ ಕೆಲಸದಲ್ಲಿ ಅವಸರವನ್ನಂತೂ ಮಾಡುತ್ತಲೇ ಇರಲಿಲ್ಲ. ಆ ಹೊತ್ತಿಗೆ ಅಲ್ಲಿದ್ದವರು ನೀವೊಬ್ಬರೇ ಎಂದು ಕೇಳಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅವನು ಅವತ್ತು ಊಟ ಮಾಡಿದ್ದನೇ? ಏಣಿ ಹಿಡಿಯುವವರು ಯಾರಾದರೂ ಇದ್ದರೇ? ಅಲ್ಲಿ ಅವತ್ತು ಮಳೆ ಬಂದಿತ್ತೇ?

ನಿಮಗೆ ತೊಂದರೆ ಕೊಡುವ ಉದ್ದೇಶ ನನಗಿಲ್ಲ. ತಿಳಿದರೆ ಸಾಕು.

ಇಂತಿ,
ಶರಣಮ್ಮ


ಇಟ್ಟಮಡು, ಬೆಂಗಳೂರು
೨ ಏಪ್ರಿಲ್ ೨೦೨೫

ಶರಣಮ್ಮ ಟೀಚರಿಗೆ ಅಂಜನಮ್ಮನ ನಮಸ್ಕಾರ.

ನಿಮ್ಮ ಕಾಗದ ಯುಗಾದಿ ಕಳೆದ ಮೇಲೆ ಬಂತು. ನಮ್ಮ ಮನೆಗೆ ಬ್ಯಾಂಕಿನವರದು ಬಿಟ್ಟು ಬೇರೆ ಕಾಗದ ಬಂದು ಎಷ್ಟು ಕಾಲವಾಯಿತೋ, ಪೋಸ್ಟ್‌ಮ್ಯಾನ್ ಕೂಡ ಒಂದು ಗಳಿಗೆ ನಿಂತು ನನ್ನ ಮುಖ ನೋಡಿದ. ನಾನು ಪಿಯುಸಿವರೆಗೆ ಓದಿದವಳು, ಆದರೆ ಬರೆಯುವ ರೂಢಿ ತಪ್ಪಿದೆ. ಬಾಯಿಗೆ ಬಂದ ಹಾಗೇ ಬರೆಯುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಯಜಮಾನರು ತಿಮ್ಮರಾಯಪ್ಪನವರಿಗೆ ನಾನು ಉತ್ತರ ಬರೆಯುವುದೇ ಇಷ್ಟವಿಲ್ಲ. ನಾಳೆ ಅದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋಗುತ್ತಾರೆ ಅನ್ನುತ್ತಾರೆ. ಹೋದರೆ ಹೋಗಲಿ. ಹೆತ್ತವಳ ಹಾಗೆ ಸಾಕಿದವಳು ಕೇಳುತ್ತಿದ್ದಾಳೆ, ಬಾಯಿ ಮುಚ್ಚಿಕೊಂಡು ಕೂರುವ ಜಾಯಮಾನ ನನ್ನದಲ್ಲ.

ನಿಮ್ಮ ತಮ್ಮ ಚಿನ್ನದಂಥ ಹುಡುಗ. ನಮ್ಮ ಮೊದಲ ಮಹಡಿಯ ಟೆರೇಸಿಗೆ ಶೀಟ್ ಹೊದಿಸಲು ಬಂದವನು. ಇಬ್ಬರು ಬೇಕಾದ ಕಡೆ ಒಬ್ಬನನ್ನು ಕಳಿಸುವುದು ಆ ರಾಮಯ್ಯನ ಚಾಳಿ. ಶೀಟಿನ ಮೇಲಕ್ಕೆ ಹೋಗಲು ಮನೆಯ ಮುಂದೆ ಏಣಿ ಹಾಕಿದ್ದರು. ಮೇಲಿಂದ ಇಳಿಯುವ ಹೊತ್ತಿಗೆ "ಅಕ್ಕಾ, ಏಣಿ" ಅಂತ ಒಂದು ಕೂಗು ಹಾಕುತ್ತಿದ್ದ. ನಾನು ಸೌಟು ಹಿಡಿದುಕೊಂಡೇ ಓಡಿ ಬಂದು ಏಣಿಗೆ ಕೈ ಹಾಕಿ "ಹಿಡಿದಿದ್ದೀನಿ, ಬಾರಪ್ಪ" ಅನ್ನುತ್ತಿದ್ದೆ. ಅಷ್ಟು ಹೇಳುವವರೆಗೆ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ. ಮಧ್ಯಾಹ್ನ ನಮ್ಮಲ್ಲೇ ಊಟ. ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದ, ನುಂಗೋ ಅಂದರೆ ನಗುತ್ತಿದ್ದ. ಅವತ್ತೂ ಸೊಪ್ಪಿನ ಸಾರಲ್ಲಿ ಹೊಟ್ಟೆ ತುಂಬ ಉಂಡಿದ್ದ. ಆ ಬಗ್ಗೆ ನೀವು ಕೊರಗಬೇಡಿ.

ಅವತ್ತು ಶುಕ್ರವಾರ. ಸಂಜೆ ಬಾಗಿಲು ತೊಳೆದು, ರಂಗೋಲಿ ಬಿಟ್ಟು, ದೀಪ ಹಚ್ಚಲು ಒಳಗೆ ಹೋಗಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬತ್ತಿ ಹೊಸೆಯುತ್ತಿದ್ದಾಗ ಏಣಿ ಬಿದ್ದ ಸದ್ದಾಯಿತು. ಓಡಿ ಬಂದೆ. ಅಷ್ಟೇ. ಮುಂದಿನದು ಬರೆಯಲಾರೆ, ಟೀಚರ್. ಅವನು ನರಳಲಿಲ್ಲ ಎಂದು ಮಾತ್ರ ದೇವರಾಣೆಯಾಗಿ ಹೇಳುತ್ತೇನೆ.

ಪ್ರತಿ ದಿನ ಕೂಗುತ್ತಿದ್ದವನು ಅವತ್ತು ಕೂಗಲಿಲ್ಲ. ದೀಪದ ಹೊತ್ತು, ಅಕ್ಕನಿಗೆ ಯಾಕೆ ತೊಂದರೆ ಅಂದುಕೊಂಡನೋ ಏನೋ. ಒಂದು ಕೂಗು ಹಾಕಿದ್ದರೆ ದೀಪ ಬಿಟ್ಟು ಬರುತ್ತಿದ್ದೆ. ಇದೊಂದು ಸಿಟ್ಟು ಅವನ ಮೇಲೆ ನನಗೂ ಇದೆ. ಎಷ್ಟು ನಿಧಾನದ ಹುಡುಗ, ಅವತ್ತೊಂದು ದಿನ ಯಾಕಪ್ಪ ಅವಸರಪಟ್ಟೆ ಅಂತ ಕೇಳಬೇಕು ಅನಿಸುತ್ತೆ.

ಮಳೆಯೇ? ಒಂದು ಹನಿ ಇಲ್ಲ. ಸುಡುಸುಡು ಬಿಸಿಲು.

ಇಂತಿ,
ಅಂಜನಮ್ಮ


ಕಡೇಬಾವಿ
೧೧ ಏಪ್ರಿಲ್ ೨೦೨೫

ಅಂಜನಮ್ಮ ಅಕ್ಕನವರಿಗೆ ನಮಸ್ಕಾರಗಳು.

ನನ್ನ ತಮ್ಮ ನಿಮ್ಮನ್ನು ಅಕ್ಕ ಎಂದು ಕರೆಯುತ್ತಿದ್ದನೆಂದು ಓದಿದ ಮೇಲೆ ನನಗೂ ಹಾಗೇ ಬಾಯಿಗೆ ಬಂತು. ಅವನಿಗೆ ಅನ್ನ ಹಾಕಿದ್ದೀರಿ. ಮುದ್ದೆ ಅಗಿಯುವ ಸಂಗತಿ ಓದಿ ನಕ್ಕೆ. ಆಮೇಲೆ ಬಹಳ ಹೊತ್ತು ಅತ್ತೆ.

ಮಳೆ ಬಂದಿರಲಿಲ್ಲ ಎಂದು ಬರೆದದ್ದು ಒಳ್ಳೆಯದಾಯಿತು.

ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಹೇಳಬೇಕು. ನಮ್ಮವು ಮಾಳಿಗೆ ಮನೆಗಳು, ಮಣ್ಣಿನ ಚಪ್ಪಟೆ ಮೇಲ್ಛಾವಣಿ. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಮೇಲೆ ಹೋದವರು ಯಾವ ಏಣಿ ಹತ್ತಿದ್ದಾರೋ ಅದರಲ್ಲೇ ಇಳಿಯಬೇಕು. ಎಲ್ಲರೂ ಇಳಿಯುವವರೆಗೆ ಒಬ್ಬರು ಏಣಿ ಹಿಡಿದೇ ಇರಬೇಕು. ಮೇಲೆ ಜನವಿದ್ದಾಗ ಏಣಿ ತೆಗೆದವರನ್ನು ಹಿರಿಯರು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಬಿದ್ದು ಸತ್ತವನು ಇಳಿದವನಲ್ಲ. ಅವನು ಇನ್ನೂ ಮೇಲೇ ಇರುತ್ತಾನೆ. ಅವನು ಹತ್ತಿದ ಏಣಿಯನ್ನೇ ಮತ್ತೆ ಹಾಕಿ, ಹಿಡಿದು, ಇಳಿದು ಬಾ ಎಂದು ಕರೆಯಬೇಕು.

ನೀವು ಪಟ್ಟಣದವರು, ಇದನ್ನು ನಂಬಬೇಕೆಂದಿಲ್ಲ. ಆ ಏಣಿ ಎಲ್ಲಿದೆ ಎಂದಷ್ಟೇ ತಿಳಿಸಿ. ಮನೆಯ ಮುಂದೆ ಏನಾದರೂ ವ್ಯತ್ಯಾಸ ಕಂಡಿದ್ದರೆ ಅದನ್ನೂ ಬರೆಯಿರಿ.

ಇಂತಿ ನಿಮ್ಮ,
ಶರಣಮ್ಮ


ಇಟ್ಟಮಡು
೨೧ ಏಪ್ರಿಲ್ ೨೦೨೫

ಶರಣಮ್ಮ, ತಂಗಿ,

ಅಕ್ಕ ಅಂದೆಯಲ್ಲ, ಇನ್ನು ನಾನು ನೀವು ತಾವು ಅನ್ನುವುದಿಲ್ಲ.

ಮೊದಲು ನಾವೇನು ಪಟ್ಟಣದವರಲ್ಲ ಅನ್ನುವುದು ತಿಳಿದುಕೊ. ಇಟ್ಟಮಡು ಹಳ್ಳಿಯಾಗಿದ್ದಾಗಿಂದ ನಾವು ಇಲ್ಲೇ ಇದ್ದೇವೆ. ಈಗ ಬಾಡಿಗೆಗೆ ಬಿಟ್ಟಿರುವ ಮನೆಗಳೆಲ್ಲ ನಮ್ಮ ಮಾವನ ರಾಗಿ ಹೊಲ. ಪಟ್ಟಣವೇ ನಮ್ಮ ಬಾಗಿಲಿಗೆ ಬಂದು ಕೂತಿದೆ. ಗಾಳಿ ಗೀಳಿ ಅಂದರೆ ಏನೆಂದು ನನಗೂ ಗೊತ್ತು.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಸತ್ತವನನ್ನು ನನ್ನ ಮನೆಯ ತಲೆಯ ಮೇಲೆ ಕೂರಿಸುತ್ತಾಳಲ್ಲ ಇವಳು ಅಂತ. ಹರಿದು ಹಾಕೋಣ ಅಂದುಕೊಂಡೆ. ಹರಿಯದೆ ಇಟ್ಟಿದ್ದು ಯಾಕೆಂದರೆ, ನೀನು ಕೇಳುವುದಕ್ಕೆ ಮೊದಲೇ ಒಂದಷ್ಟು ನಡೆಯುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ನಿನಗೆ ಹೇಳುತ್ತೇನೆ.

ಸಂಜೆ ದೀಪದ ಹೊತ್ತಿಗೆ ಶೀಟಿನ ಮೇಲೆ ಸದ್ದಾಗುತ್ತೆ. ಬಿಸಿಲಿಗೆ ಕಾದ ತಗಡು ಆರುವಾಗ ಹಾಗಾಗುತ್ತೆ ಅಂದುಬಿಡುತ್ತಾರೆ ನಮ್ಮವರು, ಹೇಳಿದರೆ. ಅದು ನನಗೂ ಗೊತ್ತು. ಆದರೆ ಆರುವ ತಗಡು ಎಲ್ಲಾ ಕಡೆ ಪಟಪಟ ಅನ್ನಬೇಕು ತಾನೆ? ಇದು ಒಂದು ತುದಿಯಿಂದ ಹೊರಟು ಏಣಿ ಇದ್ದ ಅಂಚಿಗೆ ಬಂದು ನಿಲ್ಲುತ್ತೆ. ನಿಂತು ಕಾಯುತ್ತೆ. ಎದುರು ಮನೆಯ ಪಾರಿವಾಳಗಳು ಸುತ್ತಲ ಎಲ್ಲಾ ಮನೆಯ ಮೇಲೂ ಕೂರುತ್ತವೆ, ನಮ್ಮ ಹೊಸ ಶೀಟಿನ ಮೇಲೆ ಒಂದೂ ಕೂರುವುದಿಲ್ಲ. ಬೀದಿ ನಾಯಿ ಗೇಟಿನ ಹತ್ತಿರ ಕೂತು ಆ ಅಂಚನ್ನೇ ನೋಡಿ ಬಾಲ ಅಲ್ಲಾಡಿಸುತ್ತೆ. ಅವನು ಅದಕ್ಕೆ ಬಿಸ್ಕತ್ತು ಹಾಕುತ್ತಿದ್ದ.

ಇದೆಲ್ಲ ಹೋಗಲಿ. ನಮ್ಮ ಯಜಮಾನರು ಎರಡು ವರ್ಷದ ಹಿಂದೆ ಮನೆ ಮುಂದೆಲ್ಲ ಕರಿ ಗ್ರಾನೈಟ್ ಹಾಕಿಸಿದರು. ಪಾಲಿಶ್ ಮಾಡಿದ್ದು, ಬಗ್ಗಿದರೆ ಮುಖ ಕಾಣುತ್ತೆ. ಬೀದಿಯವರೆಲ್ಲ ನಿಂತು ನೋಡಲಿ ಅಂತ. ಬೆಳಿಗ್ಗೆ ಸಂಜೆ ನಾನದಕ್ಕೆ ನೀರು ಹಾಕಿ ಪೊರಕೆಯಲ್ಲಿ ತಳ್ಳುತ್ತೇನೆ. ಅವನು ಹೋದ ಮೇಲಿಂದ ಎರಡು ಕಡೆ ನೀರು ನಿಲ್ಲುತ್ತಿಲ್ಲ. ಏಣಿಯ ಎರಡು ಕಾಲು ಊರಿದ್ದ ಜಾಗ. ಅಂಗೈಯಷ್ಟು ಅಗಲ. ಬಕೆಟ್ಟು ಬಕೆಟ್ಟು ಸುರಿದರೂ ನೀರು ಪಕ್ಕಕ್ಕೆ ಸರಿದು ಸುತ್ತಿಕೊಂಡು ಹೋಗುತ್ತೆ. ಅಲ್ಲೇನೋ ನಿಂತಿರುವ ಹಾಗೆ. ಎಣ್ಣೆ ಕಲೆ ಇರಬೇಕು ಅಂತ ಸೋಪಿನ ಪುಡಿ ಹಾಕಿ ಉಜ್ಜಿದೆ. ಎಣ್ಣೆಯೂ ಇಲ್ಲ, ಏನೂ ಇಲ್ಲ. ಒಣಕಲ್ಲು. ಏಣಿ ಅಲ್ಲಿಲ್ಲದೆ ತಿಂಗಳಾಯಿತು, ಶರಣಮ್ಮ.

ಮೊನ್ನೆ ಶುಕ್ರವಾರ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. "ಅಕ್ಕಾ, ಏಣಿ" ಅಂತು. ಕನಸಲ್ಲ, ಭ್ರಮೆಯಲ್ಲ, ಕುಕ್ಕರಿನ ಸೀಟಿ ಕೇಳಿದಷ್ಟು ಸ್ಪಷ್ಟ. ನಾನು ಎದ್ದು ಬಾಗಿಲವರೆಗೂ ಹೋದೆ. ಹಿಡಿಯಲು ಏಣಿಯೇ ಇಲ್ಲವಲ್ಲ, ಏನು ಹಿಡಿಯಲಿ? ಬಾಗಿಲು ಹಾಕಿಕೊಂಡು ಬಂದೆ. ಅವನು ಕರೆದದ್ದು ನನ್ನನ್ನೋ ನಿನ್ನನ್ನೋ ಅದೂ ತಿಳಿಯುತ್ತಿಲ್ಲ.

ಏಣಿ ರಾಮಯ್ಯನ ಹತ್ತಿರ ಇದೆ. ಪುಟ್ಟೇನಹಳ್ಳಿಯಲ್ಲಿ ಯಾವುದೋ ಮನೆಗೆ ಶೀಟ್ ಹಾಕಿಸುತ್ತಿದ್ದಾನಂತೆ, ಅಲ್ಲಿ ಬೇರೆ ಯಾರನ್ನೋ ಅದೇ ಏಣಿ ಹತ್ತಿಸುತ್ತಿದ್ದಾನೆ. ನೀನೇ ಬಂದುಬಿಡು. ನಮ್ಮ ಮನೆಯಲ್ಲೇ ಇರು. ಏನು ಮಾಡಬೇಕೋ ನಿನ್ನ ಕೈಯಾರೆ ಮಾಡು.

ನಿನ್ನ ಅಕ್ಕ,
ಅಂಜನಮ್ಮ


ಕಡೇಬಾವಿ
೨೮ ಏಪ್ರಿಲ್ ೨೦೨೫

ಅಕ್ಕನವರಿಗೆ,

ನೀವು ಬರೆದದ್ದನ್ನು ಓದಿ ನನಗೆ ಭಯವಾಗಲಿಲ್ಲ. ಅವನು ಎಲ್ಲಿದ್ದಾನೆಂದು ತಿಳಿಯಿತು, ಅಷ್ಟೇ ಸಮಾಧಾನ.

ನನಗೆ ಬರಲು ಆಗುವುದಿಲ್ಲ. ಅಂಗನವಾಡಿಯಲ್ಲಿ ಸರ್ವೆ ನಡೆಯುತ್ತಿದೆ, ರಜೆ ಕೊಡುವುದಿಲ್ಲ. ಕರೆದದ್ದು ನಿಮ್ಮನ್ನೇ. ಅಲ್ಲಿ ಅವನ ಏಣಿ ಹಿಡಿಯುತ್ತಿದ್ದವರು ನೀವು, ನಿಮ್ಮ ದನಿ ಕೇಳಿದರೆ ಮಾತ್ರ ಅವನು ಕಾಲಿಡುತ್ತಾನೆ. ನನಗಾಗಿ ಈ ಒಂದು ಕೆಲಸ ಮಾಡಿಕೊಡಿ.

ಅದೇ ಏಣಿ ತರಿಸಿ, ಅದು ಇದ್ದ ಜಾಗದಲ್ಲೇ ಹಾಕಿಸಿ. ಶುಕ್ರವಾರ ಸಂಜೆ, ಅವತ್ತಿನದೇ ಹೊತ್ತು. ಅವತ್ತು ನೀವು ಏನೇನು ಮಾಡಿದ್ದಿರೋ ಅದನ್ನೆಲ್ಲ ಹಾಗೇ ಮಾಡಿ, ಯಾವುದನ್ನೂ ಬಿಡಬೇಡಿ. ದೀಪ ಹಚ್ಚಿ ಬಂದು ಏಣಿ ಹಿಡಿದು ಅವನ ಹೆಸರು ಕರೆದು, ನೀವು ಪ್ರತಿ ದಿನ ಹೇಳುತ್ತಿದ್ದ ಮಾತನ್ನೇ ಹೇಳಿ. ಮೇಲೆ ನೋಡಬೇಡಿ. ಕಣ್ಣು ಏಣಿಯ ಬುಡದ ಮೇಲೇ ಇರಲಿ. ಏನಾದರೂ ಆಗಲಿ, ಅವನು ನೆಲಕ್ಕೆ ಕಾಲಿಡುವವರೆಗೆ ಏಣಿ ಬಿಡಬೇಡಿ.

ಅವನು ಇಳಿಯದಿದ್ದರೆ ನಾನು ಈ ಜನ್ಮದಲ್ಲಿ ನಿದ್ದೆ ಮಾಡಲಾರೆ. ಹೆಚ್ಚೇನು ಬರೆಯಲಿ.

ಶರಣಮ್ಮ


ಇಟ್ಟಮಡು
೮ ಮೇ ೨೦೨೫, ಗುರುವಾರ

ಶರಣಮ್ಮ,

ಇವತ್ತು ಏಣಿ ತಂದೆ. ರಾಮಯ್ಯ ಫೋನಿನಲ್ಲಿ ಆ ಸಬೂಬು ಈ ಸಬೂಬು ಹೇಳುತ್ತಲೇ ಇದ್ದ. ಸಾಕಾಗಿ ನಾನೇ ಗೂಡ್ಸ್ ಆಟೋ ಮಾಡಿಕೊಂಡು ಪುಟ್ಟೇನಹಳ್ಳಿಗೆ ಹೋದೆ. ಕೆರೆ ಹತ್ತಿರದ ಬೀದಿ. ಅಲ್ಲೂ ಮೊದಲ ಮಹಡಿಯ ಶೀಟಿಗೆ ಅದೇ ಏಣಿ ಹಾಕಿ ಒಬ್ಬನನ್ನು ಹತ್ತಿಸಿದ್ದ, ಕೆಳಗೆ ಹಿಡಿಯಲು ನರಪಿಳ್ಳೆ ಇಲ್ಲ. ಅವನು ಇಳಿಯುವವರೆಗೆ ನಾನೇ ಹಿಡಿದುಕೊಂಡು ನಿಂತೆ. ಆಮೇಲೆ ರಾಮಯ್ಯನಿಗೆ ಬೀದಿ ಜನ ಸೇರುವ ಹಾಗೆ ಬೈದೆ. ಏಣಿಯ ಕಾಲಿನ ರಬ್ಬರ್ ಪೂರಾ ಸವೆದು ಅಲ್ಯೂಮಿನಿಯಂ ಕಾಣುತ್ತಿದೆ, ಹೊಸದು ಹಾಕಿಸು ಅಂದರೆ, "ಎಷ್ಟ್ ವರ್ಷದಿಂದ ನಡೀತೈತೆ ಅಮ್ಮೋರೆ, ಏನೂ ಆಗಿಲ್ಲ" ಅನ್ನುತ್ತಾನೆ. ಏನೂ ಆಗಿಲ್ಲವಂತೆ. ಏಣಿ ಎತ್ತಿ ಆಟೋಗೆ ಹಾಕಿಸಿದೆ.

ಅವನ ಆಳುಗಳು ಬಂದು ನಮ್ಮ ಮನೆ ಮುಂದೆ ನಿಲ್ಲಿಸಿಕೊಟ್ಟರು. ಮೇಲೆ ಹತ್ತಿ ತುದಿ ಕಟ್ಟಿ ಅಂದರೆ ಒಬ್ಬರೂ ಹತ್ತಲಿಲ್ಲ. ಏಣಿಯ ಕಾಲು ಎಲ್ಲಿಡಬೇಕೆಂದು ನಾನು ತೋರಿಸಬೇಕಾಗಲಿಲ್ಲ. ಆ ಎರಡು ಒಣ ಜಾಗಕ್ಕೆ ತಾನಾಗೇ ಹೋಗಿ ಕೂತಿತು.

ನಮ್ಮವರು ಮಾತು ಬಿಟ್ಟಿದ್ದಾರೆ. ನಾಳೆ ಸಂಜೆ.

ಅಂಜನಮ್ಮ


ಇಟ್ಟಮಡು
೧೦ ಮೇ ೨೦೨೫, ಶನಿವಾರ

ಶರಣಮ್ಮ,

ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದು. ಬೆರಳು ಇನ್ನೂ ಏಣಿ ಹಿಡಿದ ಹಾಗೇ ಮಡಚಿಕೊಂಡಿವೆ, ಪೆನ್ನು ನಿಲ್ಲುತ್ತಿಲ್ಲ.

ನೀನು ಹೇಳಿದ ಹಾಗೆ ಅವತ್ತು ಏನೇನು ಮಾಡಿದ್ದೆನೋ ಅದನ್ನೆಲ್ಲ ಒಂದೊಂದಾಗಿ ಮಾಡಿದೆ. ಬಾಗಿಲಿಗೆ ನೀರು ಹಾಕಿದೆ, ಪೊರಕೆಯಲ್ಲಿ ತಳ್ಳಿದೆ. ಇಷ್ಟು ದಿನ ಹತ್ತಿರವೂ ಸುಳಿಯದಿದ್ದ ನೀರು ನಿನ್ನೆ ಏಣಿಯ ಕಾಲಿನ ಕೆಳಗೆಲ್ಲ ಹರಿಯಿತು. ನನಗೆ ಖುಷಿಯೇ ಆಯಿತು. ಸದ್ಯ, ಎಲ್ಲ ಸರಿಹೋಗುವ ಲಕ್ಷಣ ಅಂದುಕೊಂಡೆ. ರಂಗೋಲಿ ಬಿಟ್ಟೆ. ಒಳಗೆ ಹೋಗಿ ದೀಪ ಹಚ್ಚಿದೆ. ಹೊರಗೆ ಬಂದು ಏಣಿ ಹಿಡಿದೆ. "ಗೌರೀಶಂಕರ, ಹಿಡಿದಿದ್ದೀನಿ, ಬಾರಪ್ಪ" ಅಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಎದುರು ಮನೆಯ ಟೀವಿ, ಬೀದಿಯ ಗಾಡಿ ಸದ್ದು. ನಾಚಿಕೆಯೂ ಆಯಿತು, ಯಾರಾದರೂ ನೋಡಿದರೆ ತಲೆಕೆಟ್ಟಿದೆ ಅನ್ನುತ್ತಾರೆ ಅಂತ. ಆಮೇಲೆ ಮೇಲೆ ತಗಡು ಸದ್ದು ಮಾಡಿತು. ಅಂಚಿಗೆ ಬಂತು. ಏಣಿ ಕೈಯಲ್ಲಿ ಭಾರವಾಯಿತು.

ಏಣಿ ಹಿಡಿದವರಿಗೆ ಅದು ಗೊತ್ತು. ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಏಣಿ ಮೊದಲು ಒಂದು ಚೂರು ಬಾಗುತ್ತೆ, ಆಮೇಲೆ ಆ ತೂಕ ಅಂಗೈಗೆ ಬರುತ್ತೆ. ಅದು ಬಂತು. ಒಂದು ಮೆಟ್ಟಿಲು. ನಿಂತಿತು. ಇನ್ನೊಂದು ಮೆಟ್ಟಿಲು. ಅವನು ಇಳಿಯುತ್ತಿದ್ದ ರೀತಿಯೇ ಹಾಗೆ, ಪ್ರತಿ ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ನಿಲ್ಲುತ್ತಿದ್ದ. ನೋಡಬೇಡ ಅಂದಿದ್ದೆಯಲ್ಲ, ನೋಡಲಿಲ್ಲ. ಕಣ್ಣು ಬುಡದ ಮೇಲೇ ಇಟ್ಟಿದ್ದೆ. ಶರಣಮ್ಮ, ಅಲ್ಲೇ ಕಂಡದ್ದು.

ಏಣಿಯ ಕಾಲು ಜಾರುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಕೂದಲೆಳೆ ಹಿಂದಕ್ಕೆ. ಕರಿ ಕಲ್ಲಿನ ಮೇಲೆ ನೀರು, ನೀರಿನ ಮೇಲೆ ರಂಗೋಲಿ ಪುಡಿ, ಅದರ ಮೇಲೆ ರಬ್ಬರಿಲ್ಲದ ಏಣಿ. ನಾನು ಸುರಿದ ನೀರು. ಅವತ್ತು ಸುರಿದವಳೂ ನಾನೇ. ಅವನು ಮೇಲಿರುವಾಗ, ಏಣಿ ಹಾಕಿರುವಾಗ, ದಿನಾ ಮಾಡುವ ಕೆಲಸ ಅಂತ ಅದರ ಬುಡಕ್ಕೇ ಒಂದು ಬಕೆಟ್ಟು ಸುರಿದು ಒಳಗೆ ಹೋಗಿದ್ದೆ. ಬೇರೆ ದಿನ ಅವನು ಇಳಿದ ಮೇಲೆ ತೊಳೆಯುತ್ತಿದ್ದೆ. ಅವತ್ತು ಶುಕ್ರವಾರ, ಹೊತ್ತಾಯಿತು ಅಂತ ಮೊದಲೇ ತೊಳೆದುಬಿಟ್ಟೆ. ಇಷ್ಟು ದಿನ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಸರ ಪಟ್ಟ ಅಂತ ಅವನನ್ನೇ ಅಂದುಕೊಂಡು, ಅದನ್ನು ನಿನಗೂ ಬರೆದುಕೊಂಡು ಕೂತಿದ್ದೆನಲ್ಲ.

ತೂಕ ನಡುವೆ ನಿಂತುಬಿಟ್ಟಿತು. ಕೆಳಗೂ ಬರಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಕೈ ಬಿಟ್ಟು ಒರೆಸುವ ಹಾಗಿಲ್ಲ, ಬಿಟ್ಟರೆ ಜಾರುತ್ತೆ. ಒರೆಸದಿದ್ದರೂ ಜಾರುತ್ತೆ. ನಮ್ಮವರನ್ನು ಕೂಗಿದೆ. ಗೊಣಗಿಕೊಂಡೇ ಬಂದರು. ಹಿಡೀರಿ ಅಂದೆ. ಹೆಂಡತಿ ಹುಚ್ಚಾಟ ಅಂತ ಒಂದು ಕೈ ಕೊಟ್ಟರು. ಕೊಟ್ಟವರು ಮರುಗಳಿಗೆ ಎರಡೂ ಕೈ ಕೊಟ್ಟು ಎದೆ ಒತ್ತಿದರು.

"ಮೇಲ್ ಯಾರೇ ಅದು?" ಅಂದರು.

ನಾನು ನೆಲಕ್ಕೆ ಕೂತು ಸೆರಗು ಬಿಚ್ಚಿ ಕಲ್ಲು ಒರೆಸಿದೆ. ಏಣಿಯ ಕಾಲಿನ ಸುತ್ತ, ಕಾಲಿನ ಅಡಿ ಬೆರಳು ತೂರಿಸಿ, ರಂಗೋಲಿ ಎಲ್ಲ ಅಳಿಸಿ ಒರೆಸಿದೆ. ಸೆರಗು ನೆಂದು ಭಾರವಾಯಿತು, ನೆರಿಗೆಯಲ್ಲಿ ಒರೆಸಿದೆ. ಕೈಯಲ್ಲಿ ಮುಟ್ಟಿ ನೋಡಿದೆ, ಒಣಗಿತ್ತು. ಆಮೇಲೆ ಎರಡು ಕಾಲನ್ನೂ ನನ್ನ ಎರಡು ಕೈಯಲ್ಲಿ ಹಿಡಿದುಕೊಂಡು, "ಈಗ ಬಾರಪ್ಪ, ಈಗ ಜಾರಲ್ಲ" ಅಂದೆ.

ಬಂದ. ಒಂದೊಂದೇ ಮೆಟ್ಟಿಲು ಇಳಿದು ಬಂದ. ನನ್ನ ತಲೆಯ ಪಕ್ಕದ ಮೆಟ್ಟಿಲಿಗೆ ಬಂದಾಗ ತಗಡು, ಬೆವರು ಬೆರೆತ ಅವನ ಮೈವಾಸನೆ ಬಂತು. ಕೊನೆಯ ಮೆಟ್ಟಿಲು ಒಂದು ಸಲ ಬಾಗಿ ನೆಟ್ಟಗಾಯಿತು. ಏಣಿ ಹಗುರಾಯಿತು. ಗೇಟಿನ ಹತ್ತಿರ ನಾಯಿ ಎದ್ದು, ಬಾಲ ಅಲ್ಲಾಡಿಸಿಕೊಂಡು ಬೀದಿಯ ತುದಿವರೆಗೆ ಯಾರ ಹಿಂದೆಯೋ ಹೋಗಿ ಬಂತು.

ಇದನ್ನು ಬರೆಯಬೇಡ ಅಂತ ನಮ್ಮವರು ಬೆಳಗಿಂದ ಹೇಳುತ್ತಿದ್ದಾರೆ. ಇಳಿಸಿದೆ ಅಂತ ಮಾತ್ರ ಬರಿ, ನೀರಿನ ವಿಷಯ ಯಾರು ನೋಡಿದ್ದಾರೆ ಅನ್ನುತ್ತಾರೆ. ನೀನು ಪೊಲೀಸರಿಗೆ ತೋರಿಸು, ಸಹಿ ಹಾಕಿ ಕಳಿಸುತ್ತಿದ್ದೇನೆ. ಅವನ ಅಜಾಗರೂಕತೆ ಅಲ್ಲ, ನನ್ನದು, ಆ ರಾಮಯ್ಯನದು. ಬೈಯಬೇಕಾದರೆ ಬೈಯಿ. ಆದರೆ ಏನಾದರೂ ಒಂದು ಬರಿ. ಸುಮ್ಮನಿರಬೇಡ, ತಾಯಿ. ಅದು ನನಗೆ ತಡೆಯಲು ಆಗುವುದಿಲ್ಲ.

ಅಂಜನಮ್ಮ, ತಿಮ್ಮರಾಯಪ್ಪನವರ ಹೆಂಡತಿ


ಕಡೇಬಾವಿ
೨೬ ಮೇ ೨೦೨೫

ಅಂಜನಮ್ಮನವರಿಗೆ,

ಕಾಗದ ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದೆ.

ಆಸ್ಪತ್ರೆಯವರು ಅವನ ಬಟ್ಟೆಗಳನ್ನು ಗಂಟು ಕಟ್ಟಿ ಕೊಟ್ಟಿದ್ದರು. ಊರಿಗೆ ತಂದು ಬಿಚ್ಚಿದಾಗ ಅಂಗಿಯ ಬೆನ್ನಿನ ತುಂಬ ಬಿಳಿ ಪುಡಿ ಕಲಸಿ ಒಣಗಿ ಗಟ್ಟಿಯಾಗಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ರಂಗೋಲಿ. ಒಣನೆಲದ ರಂಗೋಲಿ ಉದುರುತ್ತದೆ, ಹಾಗೆ ಅಂಟುವುದಿಲ್ಲ. ಮಳೆ ಬಂದಿತ್ತೇ ಎಂದು ಅದಕ್ಕೇ ಕೇಳಿದ್ದೆ. ಒಂದು ಹನಿ ಇಲ್ಲ ಎಂದು ನೀವು ಬರೆದದ್ದನ್ನು ಓದಿದ ದಿನವೇ ನೆಲ ಒದ್ದೆ ಮಾಡಿದವರು ಯಾರೆಂದು ನನಗೆ ತಿಳಿಯಿತು.

ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ, ಅವನು ಮೇಲೇ ಉಳಿಯುತ್ತಿದ್ದ. ನನಗೆ ಏಣಿ ಹಿಡಿಯುವವರು ಬೇಕಿತ್ತು. ಮತ್ತೊಂದು ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅವನ ತೂಕ ನಿಮ್ಮ ಕೈ ಮೇಲಿರುವಾಗಲೇ ನಿಮಗದು ಗೊತ್ತಾಗಲಿ ಎಂದು. ಅದಕ್ಕೇ ಅವತ್ತು ಮಾಡಿದ್ದನ್ನೆಲ್ಲ ಮಾಡಿ, ಬುಡ ನೋಡಿ ಎಂದದ್ದು. ಸರ್ವೆ ಕೆಲಸ ಮಾರ್ಚಿನಲ್ಲೇ ಮುಗಿದಿತ್ತು. ನಿಮ್ಮ ಮುಖ ನೋಡಿದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ, ಆದ್ದರಿಂದ ಬರಲಿಲ್ಲ.

ನೀವು ಕೆಟ್ಟವರಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸಿಟ್ಟು ಹೋಗಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಕೈ ಓಡುತ್ತಿಲ್ಲ, ಸುಳ್ಳು ಬರೆದು ಕಳಿಸಲಾರೆ. ನಿಮ್ಮ ಸಹಿ ಇರುವ ಕಾಗದವನ್ನು ಪೊಲೀಸರಿಗೆ ಕೊಟ್ಟಿದ್ದೇನೆ. ಅಜಾಗರೂಕತೆ ಎಂದು ಅವನ ಹೆಸರಿನ ಮುಂದೆ ಇರಬಾರದು.

ಇನ್ನೊಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ, ನೀವು ನಂಬುತ್ತೀರಿ. ಮಳೆ ಹತ್ತಿರ ಬಂತು, ಪ್ರತಿ ವರ್ಷ ಅವನೇ ಬಂದು ಹಾಕುತ್ತಿದ್ದ, ಈ ವರ್ಷ ಮಾಳಿಗೆಗೆ ಮಣ್ಣು ಹಾಕುವವರಿಲ್ಲ ಎಂದು ಚಿಂತೆಯಲ್ಲಿದ್ದೆ. ನೀವು ಬರೆದ ಆ ಶುಕ್ರವಾರ ಕಳೆದು ಒಂದೆರಡು ದಿನಕ್ಕೆ ಹಿತ್ತಲಲ್ಲಿ ಗುಡ್ಡೆ ಹಾಕಿದ್ದ ಮಣ್ಣು ಕಡಿಮೆಯಾಗುತ್ತಾ ಬಂತು. ಸಂಜೆ ಮಾಳಿಗೆಯ ಮೇಲೆ ತುಳಿಯುವ ಸದ್ದು. ಎರಡು ಕಾಲು ಕೂಡಿಸಿ, ನಿಂತು, ಮತ್ತೆ ಎರಡು ಕಾಲು. ಒಳಗೆ ಕೂತರೆ ತಲೆಯ ಮೇಲೆ ಸಣ್ಣಗೆ ಧೂಳು ಬೀಳುತ್ತದೆ. ದಿನವೂ ಹೋಗಿ ಏಣಿ ಹಿಡಿದುಕೊಂಡು ನಿಲ್ಲುತ್ತೇನೆ. ಇಳಿದು ಬಾ ಎಂದು ಕರೆಯಬೇಕು, ಅದೇ ಪದ್ಧತಿ. ಕರೆದರೆ ಬರುತ್ತಾನೆ, ಬಂದರೆ ಹೋಗುತ್ತಾನೆ. ನನಗಿನ್ನೂ ಕರೆಯುವ ಮನಸ್ಸಾಗಿಲ್ಲ.

ನಿಮ್ಮ ಬೆರಳು ಬಿಚ್ಚುತ್ತಿಲ್ಲ ಎಂದು ಬರೆದಿದ್ದೀರಿ. ಅವನೀಗ ನನ್ನ ಏಣಿಯಲ್ಲಿದ್ದಾನೆ. ನೀವು ಕೈ ಬಿಡಿ, ಅಕ್ಕ.

ಶರಣಮ್ಮ